ಉಪ್ಪು ಕಮ್ಮಿ ಎಂಬ ಪಾಠ

ನಾನು ಮೇಷ್ಟ್ರಾದದ್ದು ಒಂದು ಸೋರುವ ಟ್ಯಾಂಕಿನ ದೆಸೆಯಿಂದ.

ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿರುವ ಗುಮಾಸ್ತ ನಾನು. ಜನ ಬಂದು ನೀರು ಬರುತ್ತಿಲ್ಲ ಎನ್ನುತ್ತಾರೆ. ಯಾಕೆ ಬರುತ್ತಿಲ್ಲ ಎಂಬುದನ್ನು ನಾನು ಅವರ ಮನಸ್ಸಿಗೆ ಒಪ್ಪುವಂತೆ ಹೇಳುತ್ತೇನೆ. ನೀರು ಆಮೇಲೂ ಬರುವುದಿಲ್ಲ. ಆದರೆ ಮೆಟ್ಟಿಲಿಳಿದು ಹೋಗುವಾಗ ಅವರ ಮುಖದಲ್ಲಿ ಏನೋ ಒಂದು ತೃಪ್ತಿ ಇರುತ್ತದೆ. ಇದು ಸಾಮಾನ್ಯ ವಿದ್ಯೆ ಅಲ್ಲವೆಂದು ನನಗೆ ಮೊದಲಿನಿಂದಲೂ ಗುಮಾನಿ ಇತ್ತು. ಯಾರಾದರೂ ಗುರುತಿಸಲಿ ಎಂದು ಕಾಯುತ್ತಿದ್ದೆ, ಅಷ್ಟೆ.

ಗುರುತಿಸಿದವರು ನಮ್ಮ ಬಡಾವಣೆಯ ಗ್ರಂಥಾಲಯದ ಮೇಡಂ. ಗ್ರಂಥಾಲಯದ ಮೇಲಿನ ಟ್ಯಾಂಕು ಸೋರಿ ನಿಘಂಟುಗಳ ಕಪಾಟು ಒದ್ದೆಯಾಗಿದೆ ಎಂದು ದೂರು ಕೊಡಲು ಬಂದಿದ್ದರು. ಸೋರಿಕೆ ಎಂದರೇನು, ಅದರಲ್ಲಿ ಎಷ್ಟು ಬಗೆ, ಅದಕ್ಕೆ ನಮ್ಮ ಕಚೇರಿ ಹೇಗೆ ಹೊಣೆಯಲ್ಲ ಎಂದು ನಾನು ಅರ್ಧ ಗಂಟೆ ವಿವರಿಸಿದೆ. ಅವರು ಟ್ಯಾಂಕನ್ನೇ ಮರೆತು ನನ್ನ ಬಾಯನ್ನು ನೋಡುತ್ತ ಕೂತರು. ಕೊನೆಗೆ, ಎಷ್ಟು ಸ್ಪಷ್ಟವಾಗಿ ಮಾತಾಡುತ್ತೀರಿ, ನಮ್ಮಲ್ಲಿ ಪಾಠ ಮಾಡುತ್ತೀರಾ ಎಂದು ಕೇಳಿದರು. ಗ್ರಂಥಾಲಯದ ಮಹಡಿಯ ಮೇಲೆ, ಹೊರಗಿನಿಂದ ಬಂದು ಇಲ್ಲಿ ನೆಲೆಸಿದವರಿಗೆ ನಮ್ಮ ಭಾಷೆ ಕಲಿಸುವ ಒಂದು ಸಂಜೆ ತರಗತಿ ನಡೆಯುತ್ತದಂತೆ. ಕಲಿಸುತ್ತಿದ್ದ ಟೀಚರಮ್ಮ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರಂತೆ. ಜಾರಿದ್ದು ಅದೇ ಟ್ಯಾಂಕಿನ ನೀರಿನಲ್ಲಿ. ಎರಡು ತಿಂಗಳ ಮಟ್ಟಿಗೆ ಯಾರಾದರೂ ಬೇಕಾಗಿತ್ತು. ಮುಂದಿನ ಪಾಠ, ‘ಊಟ ಮತ್ತು ಸಂಸ್ಕೃತಿ’.

ಯೋಚಿಸಿ ಹೇಳುತ್ತೇನೆ ಎಂದು ಗಾಂಭೀರ್ಯದಿಂದ ಹೇಳಿದೆ. ಅವರು ಬಾಗಿಲು ದಾಟುವಷ್ಟರಲ್ಲಿ ಹಿಂದೆ ಓಡಿಹೋಗಿ ಒಪ್ಪಿಕೊಂಡೆ.

ಮನೆಯಲ್ಲಿ ಹೆಂಡತಿ ಈ ಸುದ್ದಿಯನ್ನು ಒಲೆಯ ಮುಂದೆ ನಿಂತೇ ಕೇಳಿಸಿಕೊಂಡಳು.

“ಊಟದ ಬಗ್ಗೆ ನೀವು ಪಾಠ ಮಾಡ್ತೀರಾ? ಎಲ್ಲಿ, ನಮ್ಮನೇಲಿ ಉಪ್ಪಿನ ಡಬ್ಬ ಎಲ್ಲಿದೆ ಹೇಳಿ ನೋಡೋಣ.”

ಪಾಠ ನಡೆಯುವುದು ಪದಗಳ ಬಗ್ಗೆಯೇ ಹೊರತು ಡಬ್ಬಗಳ ಬಗ್ಗೆ ಅಲ್ಲ ಎಂದೆ. ಅವಳು “ಸಂಸ್ಕೃತಿ ಬೇರೆ” ಎಂದಷ್ಟೇ ಹೇಳಿ ಸೌಟು ತಿರುಗಿಸಿದಳು. ಒಂದು ಪದವನ್ನು ಗಾಳಿಯಲ್ಲಿ ನೇತುಹಾಕಿ ಬಿಟ್ಟುಬಿಡುವ ಕಲೆ ಅವಳಿಗೆ ಸಿದ್ಧಿಸಿದೆ.

ಆದರೆ ಬೀದಿಗೆಲ್ಲ ನಾನು ಹೇಳಿದ ರೀತಿ ಬೇರೆ. ವಾರಕ್ಕೆರಡು ದಿನ ಗ್ರಂಥಾಲಯದಲ್ಲಿ ಸಂಸ್ಕೃತಿಯ ಕುರಿತು ನನ್ನ ಉಪನ್ಯಾಸ ಇರುತ್ತದೆ ಎಂದೆ. ಯಾರಿಗೆ ಎಂದು ಕೇಳಿದವರಿಗೆ, ಹೊರಗಿನಿಂದ ಬರುತ್ತಾರೆ ಎಂದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕ್ಷೌರದಂಗಡಿಯವನು ಆ ವಾರದಿಂದ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದ.

ತರಗತಿಯಲ್ಲಿ ಎಂಟು ಜನ ಇದ್ದರು. ಅವರಲ್ಲಿ ನಾಲ್ವರು ನನ್ನ ಬಾಳಿನಲ್ಲಿ ಅಳಿಸದ ಗುರುತು ಬಿಟ್ಟರು. ಆಸ್ಪತ್ರೆಯ ನರ್ಸು ಒಬ್ಬರು, ಚುರುಕು. ಬಸ್ ಡ್ರೈವರು ಒಬ್ಬ, ಗಟ್ಟಿ ಗಂಟಲು. ಮಗಳ ಮನೆಯಲ್ಲಿರಲು ಬಂದಿದ್ದ ಒಬ್ಬ ನಿವೃತ್ತ ಸರ್ವೇಯರು; ನಾನು ಕೆಮ್ಮಿದರೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದುದರಿಂದ ಅವರಿಗೆ ಟಿಪ್ಪಣಿ ತಾತ ಎಂದು ಹೆಸರು. ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗಿ. ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಗಂಡ ಕರೆಂಟಿನ ತಂತಿ ಎಳೆಯುವ ಕೆಲಸದ ಮೇಲೆ ವಾರಗಟ್ಟಲೆ ಊರೂರು ಸುತ್ತುವವನು. ಮನೆಯಲ್ಲಿ ಅತ್ತೆ, ಸೊಸೆ, ಎರಡು ಹೊಲಿಗೆ ಯಂತ್ರ. ಹಗಲೆಲ್ಲ ಕಾಜಾ ಹೊಲಿದು ಸಂಜೆ ಇಲ್ಲಿಗೆ ಬರುತ್ತಿದ್ದಳು. ಭುಜದ ಮೇಲೆ ಒಂದೆರಡು ಗುಂಡುಪಿನ್ನು ಹಾಗೇ ಇರುತ್ತಿದ್ದವು. ಅವಳಿಗೆ ಬರುತ್ತಿದ್ದ ಪದ ಒಂದೇ. ಮನೆ ಹೇಗಿದೆ ಎಂದರೆ ಚೆನ್ನಾಗಿದೆ. ಕೆಲಸ ಹೇಗಿದೆ ಎಂದರೆ ಚೆನ್ನಾಗಿದೆ. ಯಾಕಮ್ಮ ತಡವಾಯಿತು ಎಂದರೂ ಚೆನ್ನಾಗಿದೆ.

ಮೊದಲ ದಿನ ಅನ್ನ, ರೊಟ್ಟಿ, ತರಕಾರಿ, ತಟ್ಟೆ, ಲೋಟ ಎಲ್ಲ ಬರೆಸಿ ಗಡಿಯಾರ ನೋಡಿದೆ. ಹತ್ತು ನಿಮಿಷವಾಗಿತ್ತು. ತರಗತಿ ಇದ್ದದ್ದು ಒಂದೂವರೆ ಗಂಟೆ. ಬೆವರು ಒರೆಸಿಕೊಳ್ಳುತ್ತಿದ್ದಾಗ ನರ್ಸು ಎದ್ದು ನಿಂತು, ಯಾರದಾದರೂ ಮನೆಯಲ್ಲಿ ಊಟ ಮಾಡಿದಾಗ ಏನು ಹೇಳಬೇಕು ಎಂದು ಕೇಳಿದರು.

ಪುಸ್ತಕದಲ್ಲಿ ‘ಅಡುಗೆ ತುಂಬಾ ಚೆನ್ನಾಗಿದೆ’ ಎಂದಿತ್ತು. ಓದಿ ಹೇಳಿ ಕೂತಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ವಾಕ್ಯ ನೋಡಿದೊಡನೆ ನನಗೊಂದು ಸಂಗತಿ ಹೊಳೆಯಿತು. ಮದುವೆಯಾಗಿ ಇಪ್ಪತ್ತಾರು ವರ್ಷ, ಈ ಮಾತನ್ನು ನಾನು ಮನೆಯಲ್ಲಿ ಒಂದು ಸಲವೂ ಆಡಿಲ್ಲ. ತಾನು ಆಡದ ಮಾತನ್ನು ಮೇಷ್ಟ್ರಾದವನು ಕಲಿಸಬಹುದೇ? ನಾನು ದಿನಾ ಆಡುವುದೇನು? ತಟ್ಟೆಯ ಮುಂದೆ ಕೂತು, ಉಪ್ಪು ಕಮ್ಮಿ ಎನ್ನುತ್ತೇನೆ. ಅಂದರೆ ನನ್ನ ಸಂಸ್ಕೃತಿ ಅದೇ ಆಗಿರಬೇಕಲ್ಲ.

ಪುಸ್ತಕ ಮುಚ್ಚಿದೆ. ಪುಸ್ತಕ ಮುಚ್ಚುವ ಮೇಷ್ಟ್ರನ್ನು ಕಂಡರೆ ವಿದ್ಯಾರ್ಥಿಗಳು ತಾವಾಗಿಯೇ ನೆಟ್ಟಗೆ ಕೂರುತ್ತಾರೆ. ಚೆನ್ನಾಗಿದೆ ಎನ್ನುವವರು ಹೊರಗಿನವರು, ಎಂದು ಶುರು ಮಾಡಿದೆ. ನೆಂಟರು ಹೇಳುತ್ತಾರೆ, ಹೇಳಿ ಎದ್ದು ಹೋಗುತ್ತಾರೆ. ಮನೆಯವರು ಹಾಗೆ ಹೇಳುವುದಿಲ್ಲ. ಮನೆಯವರು ತಪ್ಪು ತೆಗೆಯುತ್ತಾರೆ. ತಪ್ಪು ತೆಗೆಯಲು ಸಲಿಗೆ ಬೇಕು, ಸಲಿಗೆಗೆ ಪ್ರೀತಿ ಬೇಕು. ಆದ್ದರಿಂದ ಊಟದಲ್ಲಿ ತಪ್ಪು ಹೇಳುವುದೇ ನಮ್ಮಲ್ಲಿ ಪ್ರೀತಿಯ ಭಾಷೆ.

ಇಷ್ಟು ಹೇಳುವಷ್ಟರಲ್ಲಿ ನನಗೇ ಕಣ್ಣು ತುಂಬಿ ಬಂತು. ಇಪ್ಪತ್ತಾರು ವರ್ಷ ನಾನು ಗೊಣಗಿದ್ದೆಲ್ಲ ಗೊಣಗಾಟವಲ್ಲ, ಒಲವು ಎಂದು ಅವತ್ತೇ ನನಗೂ ತಿಳಿದದ್ದು.

ಕಪ್ಪು ಹಲಗೆಯ ಮೇಲೆ ಏಳು ವಾಕ್ಯ ಬರೆದೆ. ಉಪ್ಪು ಕಮ್ಮಿ. ಖಾರ ಜಾಸ್ತಿ. ನೀರು ಜಾಸ್ತಿ. ಬೆಂದಿಲ್ಲ. ತಣ್ಣಗಾಗಿದೆ. ಸೀದು ಹೋಗಿದೆ. ನಿನ್ನೆದಾ?

ಟಿಪ್ಪಣಿ ತಾತ ಕೈಯೆತ್ತಿ, ಒಂದು ಊಟಕ್ಕೆ ಎಷ್ಟು ತಪ್ಪು ಹೇಳಬೇಕು ಎಂದು ಕೇಳಿದರು. ಪ್ರೀತಿ ಎಷ್ಟಿದೆಯೋ ಅಷ್ಟು ಎಂದೆ. ನನ್ನ ಉತ್ತರ ನನಗೆ ಎಷ್ಟು ಹಿಡಿಸಿತೆಂದರೆ ಅದನ್ನೂ ಹಲಗೆಯ ಮೇಲೆ ಬರೆದು ಎರಡು ಗೆರೆ ಎಳೆದೆ.

ಆಮೇಲೆ ಎಲ್ಲರಿಂದ ಒಟ್ಟಿಗೆ ಹೇಳಿಸಿದೆ. ಐದು ವಾಕ್ಯ ಸಾಂಗವಾಗಿ ಸಾಗಿದವು. ಆರನೆಯದಕ್ಕೆ ಬಂದಾಗ ಡ್ರೈವರನ ಗಂಟಲು ಮುಂದಾಳತ್ವ ವಹಿಸಿತು. ಎಂಟು ಜನ ‘ಸೀದು ಹೋಗಿದೆ, ಸೀದು ಹೋಗಿದೆ’ ಎಂದು ಕೂಗುತ್ತಿದ್ದುದು ಕೆಳಗೆ ಓದುತ್ತಿದ್ದವರಿಗೆ ಕೇಳಿತು. ಮೇಡಂ ಬಕೆಟ್ ನೀರು ಹಿಡಿದು ಮಹಡಿ ಹತ್ತಿ ಬಂದರು. ಅವರ ಹಿಂದೆ ದಿನಪತ್ರಿಕೆ ಓದಲು ಬರುವ ಮೂವರು ಹಿರಿಯರು, ಸುಟ್ಟಿದ್ದು ಏನು ಎಂದು ನೋಡಲು. ಉಚ್ಚಾರಣೆಯ ಅಭ್ಯಾಸ ಎಂದು ನಾನು ವಿವರಿಸಿದೆ. ಬಕೆಟ್ಟಿನ ನೀರು ಟ್ಯಾಂಕಿನಿಂದ ಸೋರಿದ್ದೇ ಆದ್ದರಿಂದ ನಷ್ಟವೇನೂ ಆಗಲಿಲ್ಲ.

ಮುಂದಿನ ವಾರ ಒಬ್ಬೊಬ್ಬರೂ ಎದ್ದು ತಮ್ಮ ತಮ್ಮ ಅನುಭವ ಹೇಳಿದರು. ಡಿಪೋದ ಕ್ಯಾಂಟೀನಿನಲ್ಲಿ ಸೂಪು ಕುಡಿದು, ನೀರು ಜಾಸ್ತಿ ಎಂದು ತುಂಬಾ ಪ್ರೀತಿಯಿಂದ ಹೇಳಿದೆ, ಈಗ ಅಡುಗೆಯವರು ದಿನಾ ನನಗೋಸ್ಕರ ಬಾಗಿಲಲ್ಲೇ ನಿಂತಿರುತ್ತಾರೆ ಎಂದ ಡ್ರೈವರು. ಹುಟ್ಟುಹಬ್ಬಕ್ಕೆ ಕೇಕು ಹಂಚಿದ ಹಿರಿಯ ನರ್ಸಮ್ಮನಿಗೆ ನಮ್ಮ ನರ್ಸು ನಗುತ್ತ ‘ನಿನ್ನೆದಾ?’ ಎಂದಿದ್ದರು. ಕೇಕು ನಿಜಕ್ಕೂ ನಿನ್ನೆಯದಾಗಿತ್ತು. ಅಂದಿನಿಂದ ಅವರು ನನ್ನನ್ನು ಬಿಟ್ಟಿರುವುದೇ ಇಲ್ಲ, ನನ್ನ ಡ್ಯೂಟಿಯನ್ನು ಅವರ ಕೋಣೆಯ ಎದುರಿಗೇ ಹಾಕಿಕೊಂಡಿದ್ದಾರೆ ಎಂದು ನರ್ಸು ಹೆಮ್ಮೆಪಟ್ಟರು. ಟಿಪ್ಪಣಿ ತಾತನ ಅಳಿಯ ರಜದ ದಿನ ತಾನೇ ಅಡುಗೆ ಮಾಡುತ್ತಿದ್ದ. ಬೆಂದಿಲ್ಲ ಎಂದು ಮಾವ ಹೇಳಿದ ಮೇಲೆ ಏನಾಯಿತೆಂದು ತಾತ ಪುಸ್ತಕ ನೋಡಿ ಓದಿದರು: “ಅಳಿಯ ಭಾವುಕನಾದ. ಮಾತು ಹೊರಡಲಿಲ್ಲ. ಎದ್ದು ಹೋದ.”

ನೋಡಿದಿರಾ ಎಂದೆ ನಾನು.

ಅಷ್ಟರಲ್ಲಿ ಕೊನೆಯ ಬೆಂಚಿನ ಹುಡುಗಿ ತಾನಾಗಿ ಎದ್ದು ನಿಂತಳು. ಗುಂಪಿನಲ್ಲಿ ಕೂಗಿದ್ದು ಬಿಟ್ಟರೆ, ತರಗತಿ ಶುರುವಾದಾಗಿನಿಂದ ಅವಳ ಬಾಯಲ್ಲಿ ಎರಡನೆಯ ಪದ ಬಂದದ್ದು ಅದೇ ಮೊದಲು.

“ಮೇಷ್ಟ್ರೇ, ನಾನು ಅತ್ತೆಗೆ ಏಳೂ ಹೇಳಿದೆ.”

“ಭೇಷ್. ಅತ್ತೆ ಏನಂದ್ರು?”

“ಅತ್ತೆ ಅತ್ತರು.”

ಟಿಪ್ಪಣಿ ತಾತ ಇದೊಂದು ಒಳ್ಳೆಯ ಅಭ್ಯಾಸವಾಕ್ಯವೆಂದುಕೊಂಡು ಬರೆದುಕೊಂಡರು. ಅದು ಆನಂದಬಾಷ್ಪ ಎಂದು ನಾನು ಅರ್ಥ ಹೇಳಿದೆ. ಹುಡುಗಿ ಆ ಪದವನ್ನು ಅರಗಿಸಿಕೊಳ್ಳಲು ನೋಡಿ, ಆಗದೆ, ತಲೆಯಾಡಿಸಿ ಕೂತಳು.

ಮಾರನೆಯ ದಿನ ಕೌಂಟರಿನಲ್ಲಿ ಏಪ್ರನ್ನು ಕಟ್ಟಿದ್ದ ಒಬ್ಬ ಮನುಷ್ಯ ಬಂದು ನಿಂತ. ಡಿಪೋದ ಕ್ಯಾಂಟೀನಿನ ಅಡುಗೆಯವನು. ಹದಿನೆಂಟು ವರ್ಷ ತನ್ನ ಸೂಪಿಗೆ ಒಬ್ಬರೂ ಹೆಸರಿಟ್ಟಿಲ್ಲ, ಈಗ ಒಬ್ಬ ಹೊಸ ಡ್ರೈವರು ದಿನವೂ ನೀರು ಜಾಸ್ತಿ ಎನ್ನುತ್ತಾನೆ, ತನ್ನ ಅಳತೆ ಬದಲಾಗಿಲ್ಲ, ಹಾಗಾದರೆ ನಿಮ್ಮ ನಲ್ಲಿಯಲ್ಲೇ ಏನೋ ಹೆಚ್ಚುಕಮ್ಮಿ ಆಗಿರಬೇಕು ಎಂದು ವಾದಿಸಿದ. ನಮ್ಮ ಕೌಂಟರಿನ ಚರಿತ್ರೆಯಲ್ಲೇ ನೀರು ಜಾಸ್ತಿಯಾಯಿತು ಎಂದು ಬಂದ ಮೊದಲ ದೂರು ಅದು. ವಿಷಯ ನನಗೆ ಅರ್ಥವಾಗಿತ್ತು. ಆದರೆ ಆ ಡ್ರೈವರಿಗೆ ಕಲಿಸಿದ ಗುರು ನಾನೇ ಎಂದು ಹೇಳಲು, ಆ ಕೈಗಳ ಗಾತ್ರ ನೋಡಿದ ಮೇಲೆ, ಮನಸ್ಸಾಗಲಿಲ್ಲ. ದೂರು ದಾಖಲಿಸಿ ರಸೀದಿ ಕೊಟ್ಟೆ. ದೂರು ಎಂಜಿನಿಯರರ ಮೇಜಿಗೆ ಹೋಯಿತು. ಅವರು ಹೊಸಬರು, ಕೆಲಸದಲ್ಲಿ ಆಸಕ್ತಿ ಇದ್ದವರು. ಡಿಪೋಗೆ ಹೋಗುವ ಕೊಳವೆಯ ಒತ್ತಡ ಅಳೆದು, ದೂರಿನಲ್ಲಿ ತಿರುಳಿದೆ ಎಂದು ಬರೆದು, ಅರ್ಧಕ್ಕೆ ಇಳಿಸಿದರು. ಮೂರು ದಿನ ಊರಿನಲ್ಲಿ ಬಸ್ಸುಗಳು ತೊಳೆಯದೆ ಓಡಾಡಿದವು. ನಾನು ಆಫೀಸಿಗೆ ಹೋಗಿ ಬರುವ ಬಸ್ಸಿನ ಕಿಟಕಿಯ ಮೇಲೆ ಯಾರೋ ಬೆರಳಿನಿಂದ ‘ತೊಳೆಯಿರಿ’ ಎಂದು ಬರೆದಿದ್ದರು. ನಾನು ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಕೂತೆ.

ಆ ಭಾನುವಾರ ಮಧ್ಯಾಹ್ನ ಟೈಲರಮ್ಮ ನಮ್ಮ ಮನೆಗೆ ಬಂದರು. ನನ್ನ ಹೆಂಡತಿಯ ಬಟ್ಟೆಗಳನ್ನೆಲ್ಲ ಹೊಲಿಯುವವರು. ಎರಡು ಬೀದಿಯಾಚೆ ಮನೆ. ಇಬ್ಬರೂ ಹತ್ತು ಹನ್ನೆರಡು ವರ್ಷದ ಗೆಳತಿಯರು. ಅವರ ಮನೆಗೆ ನಾನು ಹೋದದ್ದಿಲ್ಲ. ಅರ್ಧ ಹೊಲಿದ ಒಂದು ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತು, ಅದರಲ್ಲೇ ಕಣ್ಣೊರೆಸಿಕೊಂಡರು. ನಾನು ಪೇಪರು ಓದುತ್ತಿದ್ದೆ. ಮೂರನೆಯ ವಾಕ್ಯಕ್ಕೆ ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದೆ.

“ನಾಲ್ಕು ತಿಂಗಳು ಚೆನ್ನಾಗಿದೆ ಅತ್ತೆ, ಚೆನ್ನಾಗಿದೆ ಅತ್ತೆ ಅಂತ ತಿಂದ್ಲು ಕಣಕ್ಕ. ಮೊನ್ನೆ ಒಂದೇ ಉಸಿರಲ್ಲಿ ಏಳು ತಪ್ಪು. ಅದೂ ನಗ್ತಾ ನಗ್ತಾ. ಕೊನೇಲಿ ನಿನ್ನೆದಾ ಅಂತ ಬೇರೆ ಕೇಳಿದ್ಲು. ಅವಳ ಕಣ್ಣೆದುರೇ ಮಾಡಿದ ಅಡುಗೆ.”

ಸೊಸೆಯನ್ನು ಕೂರಿಸಿ ಕೇಳಿದರೆ, ಗ್ರಂಥಾಲಯದಲ್ಲಿ ಮೇಷ್ಟ್ರು ಹೇಳಿಕೊಟ್ಟರು ಎಂದಳಂತೆ. ಟೈಲರಮ್ಮ ಅಂದಿನಿಂದ ಒಲೆ ಹಚ್ಚಿರಲಿಲ್ಲ. ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದರು. ನಿನ್ನೆ ನೋಡಿದರೆ ಸೊಸೆ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬಿಟ್ಟಿದ್ದಾಳೆ, ಮಗ ಬರುವಷ್ಟರಲ್ಲಿ ತವರಿಗೆ ಹೊರಟೇಬಿಡುತ್ತಾಳೆ, ಅವನಿಗೆ ಏನೆಂದು ಹೇಳಲಿ ಎಂದರು.

ನನ್ನ ಪೇಪರಿನ ಅಂಚಿನ ಮೇಲಿಂದ ಹೆಂಡತಿಯ ಎರಡು ಕಣ್ಣು ಕಂಡವು. ಆ ನೋಟವನ್ನು ತಾಳಲಾರದೆ ನಾನು ಬಾಯಿ ತೆರೆದೆ. ಇಂಥ ಮೇಷ್ಟ್ರುಗಳಿಗೆ ಜವಾಬ್ದಾರಿಯೇ ಇರುವುದಿಲ್ಲ ಎಂದೆ. ಟೈಲರಮ್ಮನ ಮುಖದಲ್ಲಿ ಒಂದು ಆಸೆ ಮೂಡಿತು. ನಾನು ದೊಡ್ಡ ದೊಡ್ಡವರಿಗೆ ಉಪನ್ಯಾಸ ಮಾಡುವವನೆಂದು ಆಕೆ ಕೇಳಿದ್ದರು. ಆ ಮೇಷ್ಟ್ರ ಮೇಲೆ ಗ್ರಂಥಾಲಯದ ಸಮಿತಿಗೆ ಒಂದು ದೂರು ಬರೆದುಕೊಡಬೇಕೆಂದು ಕೈಮುಗಿದರು.

“ಬರೆದು ಕೊಡಿ ರೀ. ಆ ಮನುಷ್ಯನ ಬಗ್ಗೆ ನಿಮ್ಮಷ್ಟು ಚೆನ್ನಾಗಿ ಇನ್ಯಾರು ಬರೀತಾರೆ?” ಎಂದಳು ನನ್ನ ಹೆಂಡತಿ.

ನಾನೇ ಆ ಮೇಷ್ಟ್ರು ಎಂದು ಆಗಲೇ ಹೇಳಿಬಿಡಬೇಕಿತ್ತು. ಹೇಳಬೇಕೆಂದೇ ಪೆನ್ನು ತೆಗೆದೆ. ಆದರೆ ಪೆನ್ನು ಕೈಗೆ ಬಂದ ಮೇಲೆ ನನ್ನ ವೃತ್ತಿ ನನ್ನನ್ನು ಬಿಡಲಿಲ್ಲ. ಇಪ್ಪತ್ತೆರಡು ವರ್ಷ ಬೇರೆಯವರ ದೂರು ಓದಿದವನು ನಾನು. ಒಳ್ಳೆಯ ದೂರು ಹೇಗಿರಬೇಕೆಂದು ನನಗೆ ಗೊತ್ತು. ಅಡುಗೆಮನೆಯ ಹೊಸ್ತಿಲನ್ನೇ ದಾಟದ, ಸಂಸ್ಕೃತಿಯ ಗಾಳಿಯೂ ಸೋಕದ ಈ ವ್ಯಕ್ತಿ, ಎಂದು ಆರಂಭಿಸಿದೆ. ಹೆಂಡತಿ ಪಕ್ಕದಲ್ಲಿ ನಿಂತು, ಉಪ್ಪಿನ ಡಬ್ಬ ಎಲ್ಲಿದೆ ಅಂತಾನೂ ಗೊತ್ತಿರಲಾರದು ಅಂತ ಸೇರಿಸಿ ಎಂದಳು. ಸೇರಿಸಿದೆ. ಉಂಡ ತಟ್ಟೆಯನ್ನು ಎತ್ತಿಟ್ಟವನಲ್ಲ ಎಂಬುದನ್ನೂ ಆಕೆಯೇ ಒದಗಿಸಿದಳು. ಎರಡು ಪುಟ ತುಂಬಿತು. ಓದಿ ಹೇಳಿದಾಗ ಟೈಲರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಎಂಥ ದುಷ್ಟ ಇರಬೇಕು ಅಲ್ಲವಾ ಅಣ್ಣ ಎಂದರು. ನನಗೂ ಆ ಮನುಷ್ಯನ ಮೇಲೆ ನಿಜವಾಗಿ ಸಿಟ್ಟು ಬಂದಿತ್ತು.

ಆಕೆ ಹೋದ ಮೇಲೆ ಹೆಂಡತಿ ಬೈಯಲಿಲ್ಲ. ಆ ಹುಡುಗಿ ಚೀಲ ಕಟ್ಟಿದ್ದಾಳಂತೆ, ಕೇಳಿಸಿತಾ ಎಂದಳು, ಅಷ್ಟೆ. ಅವತ್ತು ನಾನು ಊಟಕ್ಕೆ ಕೂತಾಗ ತಟ್ಟೆಯಿಂದ ತಲೆ ಎತ್ತಲಿಲ್ಲ.

ಬುಧವಾರ ವಿಚಾರಣೆ. ಮಹಡಿಯ ಮೇಲಿನ ನಮ್ಮ ತರಗತಿಯ ಕೋಣೆಯಲ್ಲೇ ಬೆಂಚುಗಳನ್ನು ತಿರುಗಿಸಿ ಹಾಕಿದ್ದರು. ಸಮಿತಿಯ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ನಿವೃತ್ತರಾಗಿ ಒಂಬತ್ತು ವರ್ಷವಾದರೂ ಅಭ್ಯಾಸ ಬಿಟ್ಟಿರಲಿಲ್ಲ. ಒಂದು ಬದಿಯಲ್ಲಿ, ಮೇಷ್ಟ್ರ ಸುದ್ದಿ ಕಿವಿಗೆ ಬಿದ್ದು ತಮ್ಮ ದೂರನ್ನೂ ಹೊತ್ತು ತಂದವರು. ಡಿಪೋದ ಅಡುಗೆಯವನು ತೋಳು ಕಟ್ಟಿ ನಿಂತಿದ್ದ. ಅವನ ಪಕ್ಕ ಹಿರಿಯ ನರ್ಸಮ್ಮ. ಅವರ ಪಕ್ಕ ಟೈಲರಮ್ಮ, ಜೊತೆಗೆ ಆಕೆಯ ಕೈ ಹಿಡಿದುಕೊಂಡು ನನ್ನ ಹೆಂಡತಿ. ಇನ್ನೊಂದು ಬದಿಯಲ್ಲಿ ನನ್ನ ವಿದ್ಯಾರ್ಥಿಗಳು, ಪುಸ್ತಕ ತೆರೆದುಕೊಂಡು. ಅವರು ಇದನ್ನೂ ಒಂದು ಪಾಠ ಎಂದುಕೊಂಡಿದ್ದರು. ನಾನು ಎರಡೂ ಬದಿಗೆ ಸೇರದಂತೆ ಬಾಗಿಲ ಹತ್ತಿರ, ಕಂಬದ ಮರೆಯಲ್ಲಿ ನಿಂತೆ.

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಟೈಲರಮ್ಮನ ದೂರನ್ನು ಓದಿದರು. ಮೊದಲು ಮನಸ್ಸಿನಲ್ಲಿ ಓದಿಕೊಂಡವರು, ಎರಡನೆಯ ಪ್ಯಾರಾದಿಂದ ಗಟ್ಟಿಯಾಗಿ ಓದತೊಡಗಿದರು. ಕೆಲವು ವಾಕ್ಯಗಳನ್ನು ಎರಡೆರಡು ಸಲ ಓದಿದರು. ಮುಗಿಸಿ ಕನ್ನಡಕ ತೆಗೆದು, ತಮ್ಮ ಮೂವತ್ತು ವರ್ಷದ ಸೇವೆಯಲ್ಲಿ ಇಷ್ಟು ಸೊಗಸಾದ ದೂರನ್ನು ಓದಿದ್ದಿಲ್ಲ ಎಂದರು. ಆಮೇಲೆ ಗ್ರಂಥಾಲಯದ ಮೇಡಂ ಕಡೆ ತಿರುಗಿದರು.

“ಇಂಥ ಭಾಷೆ ಬರೆಯೋರು ಊರಲ್ಲಿ ಇರುವಾಗ ಆ ಅವಿವೇಕಿನ ಯಾಕೆ ಇಟ್ಕೊಂಡಿದ್ದೀರಿ? ಅವನನ್ನ ತೆಗೀರಿ. ಇದನ್ನ ಬರೆದವರನ್ನ ಮೇಷ್ಟ್ರು ಮಾಡಿ. ಬರೆದುಕೊಳ್ಳಿ, ಇದೇ ನನ್ನ ತೀರ್ಮಾನ.”

ಮೇಡಂ ಬರೆದುಕೊಂಡರು. ಟಿಪ್ಪಣಿ ತಾತನೂ ಬರೆದುಕೊಂಡರು. ಬರೆದವರು ಯಾರು ಎಂದು ಅಧ್ಯಕ್ಷರು ಕೇಳಿದರು. ಟೈಲರಮ್ಮ ಎದ್ದು, ಇವರೇ ಎಂದು ಕೈ ತೋರಿಸಿದರು. ಆ ಮೇಷ್ಟ್ರು ಯಾರು ಎಂದು ಕೇಳಿದರು. ಸೊಸೆ ಎದ್ದು, ಇವರೇ ಎಂದು ಕೈ ತೋರಿಸಿದಳು. ಎರಡು ಕೈಗಳೂ ಒಂದೇ ಕಂಬದ ಕಡೆ ಇದ್ದವು. ಅಧ್ಯಕ್ಷರು ಕಂಬದ ಹಿಂದೆ ಇಬ್ಬರಿದ್ದಾರೆಂದುಕೊಂಡು ಸ್ವಲ್ಪ ಹೊತ್ತು ಕಾದರು. ಇನ್ನೊಬ್ಬ ಬರಲೇ ಇಲ್ಲ.

ಟೈಲರಮ್ಮ ನನ್ನನ್ನು ನೋಡಿದರು, ನನ್ನ ಹೆಂಡತಿಯನ್ನು ನೋಡಿದರು, ಆಕೆ ಮೆಲ್ಲಗೆ ತಲೆಯಾಡಿಸಿದ್ದನ್ನೂ ನೋಡಿದರು. ಮುಖ ಆಚೆ ತಿರುಗಿಸಿ ಕೂತರು. ಬೈದಿದ್ದರೆ ಹಗುರಾಗುತ್ತಿತ್ತು. ಅಡುಗೆಯವನು ಕಟ್ಟಿದ್ದ ತೋಳು ಬಿಚ್ಚಿದ. ನಾನು ಕಂಬ ಹಿಡಿದುಕೊಂಡು, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಹತ್ತು ನಿಮಿಷದಲ್ಲಿ ನನ್ನ ಪಾಠ ಮುಗಿದುಹೋಗಿತ್ತು, ಮಿಕ್ಕ ಹೊತ್ತಿಗೆ ನನಗೇನೂ ಗೊತ್ತಿರಲಿಲ್ಲ, ನನ್ನ ಕೆಟ್ಟ ಚಾಳಿಯನ್ನೇ ಎಲ್ಲರ ಸಂಸ್ಕೃತಿ ಮಾಡಿಬಿಟ್ಟೆ ಎಂದೆ. ದೂರು ಕೌಂಟರಿನವನ ಬಾಯಲ್ಲಿ ಇಷ್ಟು ಚಿಕ್ಕ ವಿವರಣೆ ಹಿಂದೆಂದೂ ಬಂದಿರಲಿಲ್ಲ.

ಅಧ್ಯಕ್ಷರು ನನ್ನನ್ನು ಅಲ್ಲೇ ಬಿಟ್ಟು ಹುಡುಗಿಯನ್ನು ಮುಂದೆ ಕರೆದರು. ಮೇಷ್ಟ್ರು ಏನೋ ಹೇಳಿದರು, ಸರಿ. ಮನೆಯ ಹಿರಿಯರಿಗೆ ಹಾಗೆಲ್ಲ ಹೇಳಬಹುದೇ ಎಂದು ನಿನಗೆ ಅನ್ನಿಸಲಿಲ್ಲವೇ ಎಂದು ನಿಧಾನವಾಗಿ, ಪದ ಬಿಡಿಸಿ ಕೇಳಿದರು. ಅವಳು ಭುಜದ ಮೇಲಿನ ಗುಂಡುಪಿನ್ನನ್ನು ತೆಗೆದು, ಮತ್ತೆ ಅಲ್ಲೇ ಚುಚ್ಚಿಕೊಂಡಳು. ಆಮೇಲೆ ಒಂದೊಂದೇ ಪದ ಜೋಡಿಸಿ ಮಾತಾಡಿದಳು.

“ನಾನು ನಾಲ್ಕು ತಿಂಗಳು ಚೆನ್ನಾಗಿದೆ ಹೇಳಿದೆ. ಅತ್ತೆ ದಿನಾ ಸ್ವಲ್ಪ ಸ್ವಲ್ಪ ಸುಮ್ಮನೆ ಆದರು. ಮೇಷ್ಟ್ರು ಹೇಳಿದರು, ಚೆನ್ನಾಗಿದೆ ನೆಂಟರ ಮಾತು. ಮನೆಯವರ ಮಾತು ಬೇರೆ. ನಾನು ಮನೆಯವಳು ಆಗಬೇಕು ಅಂತ ಹೇಳಿದೆ.”

ಹಾಗಾದರೆ ಚೀಲ ಯಾಕೆ ಕಟ್ಟಿದೆ ಎಂದು ಅಧ್ಯಕ್ಷರು ಕೇಳಿದರು. ಅತ್ತೆ ಊಟ ಮಾಡುತ್ತಿಲ್ಲ, ನಾನು ಹೋದರೆ ಮಾಡುತ್ತಾರೆ ಎಂದಳು.

ಟೈಲರಮ್ಮನ ಕೈಯನ್ನು ನನ್ನ ಹೆಂಡತಿ ಬಿಟ್ಟುಬಿಟ್ಟಳು. ಆ ಕೈಗೆ ಬೇರೆ ಕೆಲಸ ಬಂದಿತ್ತು. ಟೈಲರಮ್ಮ ಎದ್ದು ಹೋಗಿ ಸೊಸೆಯ ಭುಜದ ಗುಂಡುಪಿನ್ನನ್ನು ಕಿತ್ತು ತಮ್ಮ ಬಟ್ಟೆಗೆ ಸಿಕ್ಕಿಸಿಕೊಂಡರು. ಚುಚ್ಚಿಬಿಡುತ್ತೆ, ಎಷ್ಟು ಸಲ ಹೇಳೋದು ಎಂದು ಗದರಿದರು. ಗದರಿದ ಮೇಲೆ ಧ್ವನಿ ಇಳಿಸಿ ಕೇಳಿದರು.

“ಏಳು ಹೇಳಿದ್ಯಲ್ಲ. ಅದರಲ್ಲಿ ನಿಜ ಯಾವುದಾದ್ರೂ ಇತ್ತಾ?”

ಹುಡುಗಿ ನನ್ನ ಕಡೆ ನೋಡಿದಳು. ನಾನು ಗೋಡೆ ನೋಡಿದೆ.

“ಒಂದು, ಅತ್ತೆ.”

“ಯಾವುದು?”

“ಖಾರ ಜಾಸ್ತಿ.”

“ಅವತ್ತಾ?”

“ನಾಲ್ಕು ತಿಂಗಳು.”

“ಮತ್ತೆ ಮೊದಲೇ ಹೇಳಬಾರದಿತ್ತಾ ಮಗಳೇ?”

“ಆಗ ನನ್ನ ಹತ್ತಿರ ಒಂದೇ ಪದ ಇತ್ತು.”

ಟೈಲರಮ್ಮ ಪಕ್ಕದ ಬೆಂಚಿನ ಮೇಲೆ ಕುಸಿದು ಕೂತರು. ಅಳುತ್ತಾರೆಂದುಕೊಂಡು ಹಿರಿಯ ನರ್ಸಮ್ಮ ಕರವಸ್ತ್ರ ತೆಗೆದರು. ಆದರೆ ಆಕೆ ನಗುತ್ತಿದ್ದರು. ಅಥವಾ ಎರಡೂ ಇತ್ತು.

“ಊಟಕ್ಕೆ ಕೂತಾಗೆಲ್ಲ ಇವಳ ಕಣ್ಣಲ್ಲಿ ನೀರು ಸ್ವಾಮಿ. ಅಮ್ಮನ ಮನೆ ನೆನಪಾಗ್ತಿದೆ, ಪಾಪ, ಬಾಯಿಗಾದ್ರೂ ರುಚಿಯಾಗ್ಲಿ ಅಂತ ನಾನು ಇನ್ನೊಂದು ಚೂರು ಖಾರ ಹಾಕ್ತಾ ಬಂದೆ.”

ಅತ್ತೆಯ ಮಾತನ್ನು ನರ್ಸು ಸೊಸೆಗೆ ನಿಧಾನವಾಗಿ ಬಿಡಿಸಿ ಹೇಳಿದರು. ಪೂರ್ತಿ ಅರ್ಥವಾದ ಮೇಲೆ ಆ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು, ಅತ್ತೆಯ ಪಕ್ಕದಲ್ಲೇ ಕೂತು ನಕ್ಕಳು. ಡ್ರೈವರು ಹಿಂದಿನಿಂದ ಗಟ್ಟಿಯಾಗಿ ನಕ್ಕ. ಅಡುಗೆಯವನು ಮಾತ್ರ ನಗದೆ, ಅದೆಲ್ಲ ಸರಿ, ನನ್ನ ಸೂಪಿನ ವಿಷಯ ಏನಾಯಿತು ಎಂದು ಕೇಳಿದ. ನಿನ್ನ ಸೂಪಿನಲ್ಲಿ ನಿಜವಾಗಿಯೂ ನೀರು ಜಾಸ್ತಿಯೇ ಎಂದು ಡ್ರೈವರು ಸ್ಪಷ್ಟವಾಗಿ ಹೇಳಿದ. ಅವರಿಬ್ಬರ ವ್ಯಾಜ್ಯವನ್ನು ಅಧ್ಯಕ್ಷರು ಡಿಪೋದ ವ್ಯಾಪ್ತಿಗೆ ಬಿಟ್ಟರು. ಕೇಕು ನಿನ್ನೆಯದೇ ಆಗಿತ್ತೆಂದು ಹಿರಿಯ ನರ್ಸಮ್ಮ ತಾವಾಗಿಯೇ ಒಪ್ಪಿಕೊಂಡರು.

ಈ ಗಲಾಟೆಯಲ್ಲಿ ಅಧ್ಯಕ್ಷರು ನನ್ನನ್ನು ಮರೆತಿರಬಹುದೆಂದು ಬಾಗಿಲ ಕಡೆ ಸರಿದೆ. ಮರೆತಿರಲಿಲ್ಲ. ಒಮ್ಮೆ ಕೊಟ್ಟ ತೀರ್ಪನ್ನು ತಾವು ಬದಲಿಸುವುದಿಲ್ಲ ಎಂದರು. ಮೇಷ್ಟ್ರನ್ನು ತೆಗೆದುಹಾಕಲಾಗಿದೆ, ದೂರು ಬರೆದವರನ್ನು ನೇಮಿಸಲಾಗಿದೆ. ಹಾಗಾಗಿ ನಾನು ಒಂದೇ ಸಂಜೆ, ಒಂದೇ ಕಾಗದದ ಮೇಲೆ, ಅವಿವೇಕಕ್ಕಾಗಿ ಕೆಲಸ ಕಳೆದುಕೊಂಡು ವಿವೇಕಕ್ಕಾಗಿ ಅದೇ ಕೆಲಸ ಪಡೆದೆ. ಎರಡಕ್ಕೂ ಸಹಿ ಹಾಕಿದೆ. ಆದರೆ ಒಂದು ಷರತ್ತು: ಊಟದ ಪಾಠ ಇನ್ನು ಮೇಲೆ ಟೈಲರಮ್ಮನ ಅಡುಗೆಮನೆಯಲ್ಲಿ ನಡೆಯಬೇಕು. ಪಾಠ ಮಾಡುವವರು ಟೈಲರಮ್ಮ. ನಾನು ವಿದ್ಯಾರ್ಥಿಗಳ ಜೊತೆ ಕೂರಬೇಕು.

ಶನಿವಾರ ಸಂಜೆ ಎರಡು ಹೊಲಿಗೆ ಯಂತ್ರಗಳನ್ನೂ ಗೋಡೆಗೆ ಸರಿಸಿ ಒಂಬತ್ತು ಜನಕ್ಕೆ ಜಾಗ ಮಾಡಿದ್ದರು. ಟೈಲರಮ್ಮ ಇನ್ನೂ ನನ್ನ ಜೊತೆ ಮಾತು ಬಿಟ್ಟಿದ್ದರು. ನನಗೆ ಹೇಳಬೇಕಾದದ್ದನ್ನೆಲ್ಲ ಸೊಸೆಗೆ ಹೇಳುತ್ತಿದ್ದರು, ಅವಳು ನನಗೆ ದಾಟಿಸುತ್ತಿದ್ದಳು. ಅವಳು ಕಲಿತದ್ದು ಹೆಚ್ಚಾಗಿ ಹೀಗೆಯೇ ಎಂದು ಕಾಣುತ್ತದೆ. ಎಲ್ಲರಿಗೂ ಒಂದೊಂದು ಈರುಳ್ಳಿ ಕೊಟ್ಟರು. ಹೆಚ್ಚು, ಕೊಚ್ಚು, ಸೀಳು, ಸುಲಿ, ಎಷ್ಟೊಂದು ಕ್ರಿಯಾಪದಗಳು. ಇಷ್ಟೂ ನನ್ನ ಭಾಷೆಯಲ್ಲಿದ್ದವು, ನನ್ನ ಮನೆಯಲ್ಲೇ ಇದ್ದವು, ನಾನು ಮಾತ್ರ ಬೇರೆ ಕೋಣೆಯಲ್ಲಿ ಪೇಪರು ಓದುತ್ತಿದ್ದೆ.

ನಾನು ಸಿಪ್ಪೆ ತೆಗೆಯುತ್ತ ಹೋದೆ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ, ಎಲ್ಲವೂ ಸಿಪ್ಪೆಯೇ ಎಂದುಕೊಂಡು, ಈರುಳ್ಳಿಯೇ ಮುಗಿದುಹೋಯಿತು. ಇನ್ನೊಂದು ಕೊಟ್ಟರು. ಅದನ್ನು ಹೆಚ್ಚುವಾಗ ಬೆರಳು ಕೊಯ್ದುಕೊಂಡೆ. ನರ್ಸು ಪಟ್ಟಿ ಕಟ್ಟಿದರು. ಟಿಪ್ಪಣಿ ತಾತ ‘ಕೊಯ್ದುಕೊಂಡರು’ ಎಂದು ಬರೆದು, ಕಾಗುಣಿತ ಸರಿಯೇ ಎಂದು ನನಗೆ ತೋರಿಸಿದರು. ಸರಿ ಇತ್ತು. ಉರಿ ಸಣ್ಣ ಮಾಡು ಎಂದದ್ದಕ್ಕೆ ಒಲೆಯನ್ನೇ ಆರಿಸಿದೆ.

ನಾಲ್ಕನೆಯ ಶನಿವಾರವೂ ಇದೇ ಕಥೆಯಾದಾಗ ಸೊಸೆ ನನ್ನ ಕೈಯಿಂದ ಚಾಕು ತೆಗೆದುಕೊಂಡಳು.

“ಮೇಷ್ಟ್ರೇ, ನೀವು ಏನೂ ಮಾಡೋದು ಬೇಡ. ಆ ಮೂಲೇಲಿ ಸುಮ್ಮನೆ ಕೂತ್ಕೊಂಡಿದ್ರೆ ಅದೇ ದೊಡ್ಡ ಉಪಕಾರ.”

ಮೂಲೆಯಲ್ಲಿ ಕೂತು ಆ ವಾಕ್ಯವನ್ನು ನಾನು ಮನಸ್ಸಿನಲ್ಲೇ ತಿರುಗಿಸಿ ಮುರುಗಿಸಿ ನೋಡಿದೆ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಇದ್ದಲ್ಲೇ ಇದ್ದವು. ಒಂದೇ ಒಂದು ತಪ್ಪಿರಲಿಲ್ಲ. ಅದನ್ನು ಕಲಿಸಿದ್ದು ನಾನಲ್ಲ ಎಂಬುದನ್ನು ಬಿಟ್ಟರೆ, ಮೇಷ್ಟ್ರಾಗಿ ನನಗೆ ಅದಕ್ಕಿಂತ ಹೆಮ್ಮೆಯ ಸಂಜೆ ಇನ್ನೊಂದಿಲ್ಲ.